ಎರಡು ಗಂಟೆಯ ಸಾಕ್ಷಿ

ಫೆಬ್ರವರಿ ೩

ತಮ್ಮಾ,

ನಿನ್ನ ಪತ್ರ ಬಂತು. ಒಟ್ಟು ಹನ್ನೊಂದು ಪುಟ. ಹೋದ ಸಲ ನಾನು ಮೂರೇ ಮೂರು ಪ್ರಶ್ನೆ ಕೇಳಿದ್ದೆ: ಕೆಮ್ಮು ಕಡಿಮೆಯಾಯಿತಾ, ಎರಡನೆಯ ಕಂಬಳಿ ಕೊಟ್ಟರಾ, ಸ್ವೆಟರಿಗೆ ಎದೆಯ ಅಳತೆ ಎಷ್ಟು. ಹನ್ನೊಂದು ಪುಟ ತಿರುವಿದರೂ ಒಂದಕ್ಕೂ ಉತ್ತರವಿಲ್ಲ. ಎದೆಯ ಅಳತೆ ಕೇಳಿದರೆ ಎದೆಯೊಳಗಿನ ಬೆಳಕಿನ ಅಳತೆ ಬರೆದಿದ್ದೀಯ. ಆ ಬೆಳಕಿಗೆ ನಾನು ಎಷ್ಟು ಉಂಡೆ ಉಣ್ಣೆ ತರಲಿ?

ಲಿಫ್ಟ್ ರಿಪೇರಿ ಮಾಡಿಕೊಂಡಿದ್ದಾಗ ನೀನು ಯಂತ್ರದ ಜೊತೆ ಬರುವ ಸೂಚನೆಯ ಹಾಳೆಯನ್ನು ಕೂಡ ಓದುತ್ತಿರಲಿಲ್ಲ. ಈಗ ಜೈಲಿಗೆ ಹೋಗಿ ಮೂರು ತಿಂಗಳಾಗಿಲ್ಲ, ಗ್ರಂಥವಂತೆ, ಅಧ್ಯಾಯವಂತೆ, ಅಂತರಂಗವಂತೆ. ಲಿಫ್ಟ್ ಜಾರಿ ಬಿದ್ದು ಆ ಟೈಪಿಸ್ಟ್ ಹೆಂಗಸಿನ ಸೊಂಟ ಮುರಿದದ್ದಕ್ಕೆ ಕೋರ್ಟು ನಿನಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. ನಿನ್ನ ಪತ್ರ ಓದಿದವರು ಮೂರು ವರ್ಷ ರಜೆ ಕೊಟ್ಟಿದೆ ಎಂದುಕೊಳ್ಳಬೇಕು. "ನನಗೆ ಈಗ ಒಂದು ಬಗೆಯ ಶಾಂತಿ ಸಿಕ್ಕಿದೆ ಅಕ್ಕ" ಎಂದು ಬರೆದಿದ್ದೀಯ. ಬಹಳ ಸಂತೋಷ. ಸ್ವಲ್ಪ ಪೊಟ್ಟಣ ಕಟ್ಟಿ ಕಳಿಸು. ಇಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ನಾನೂರು ಹಾಸಿಗೆ ಬಟ್ಟೆ. ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿದೆ. ಡಾಕ್ಟರುಗಳ ಕೋಟಿನ ಜೇಬಿನಲ್ಲಿ ಏನೇನೋ ಉಳಿದಿರುತ್ತದೆ. ನಿನ್ನೆ ಯಾರದೋ ಪೂರ್ತಿ ಹಲ್ಲಿನ ಸೆಟ್ಟು ಬಿಸಿನೀರಿನಲ್ಲಿ ಮೂರು ಸುತ್ತು ಹಾಕಿ ನಗುತ್ತಾ ಹೊರಗೆ ಬಂತು.

ನನ್ನ ಮಗಳು, ನಿನ್ನ ಮುದ್ದಿನ ಸೊಸೆ, ಚೆನ್ನಾಗಿದ್ದಾಳೆ. ಹದಿನಾಲ್ಕು ತುಂಬಿತು. ಮಾತಿಗೆ ಮಾತು ಬೆಳೆಸುತ್ತಾಳೆ.

ಅಳತೆ ಬರೆ. ಬೆಳಕಿನದಲ್ಲ.

ನಿನ್ನ ಅಕ್ಕ

(ಪತ್ರ ಒಡೆದು ಓದುವ ಜೈಲಿನ ಸಾಹೇಬರಿಗೆ: ಹನ್ನೊಂದು ಪುಟ ನೀವೂ ಓದಿದ್ದೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.)


ಫೆಬ್ರವರಿ ೨೦

ಅಕ್ಕಾ,

ಎದೆ ಮೂವತ್ತೆಂಟು. ಕೆಮ್ಮು ಇದೆ. ಕಂಬಳಿ ಕೊಟ್ಟಿದ್ದಾರೆ, ಅದರಲ್ಲಿ ನನಗಿಂತ ಮೊದಲಿನವನ ವಾಸನೆಯೂ ಇದೆ. ಈಗ ನನ್ನ ಮಾತು ಕೇಳುತ್ತೀಯಾ?

ಇಲ್ಲಿನ ಪುಸ್ತಕದ ಕೋಣೆಯಲ್ಲಿ ನನಗೆ ಧೂಳು ಒರೆಸುವ ಕೆಲಸ. ಅಲ್ಲಿ ಇನ್ನೊಬ್ಬ ಕೈದಿ ಇದ್ದಾರೆ, ಮೊದಲು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಎಲ್ಲರೂ ಗುಮಾಸ್ತರು ಎಂದೇ ಕರೆಯುತ್ತಾರೆ. ಎಪ್ಪತ್ತರ ಹತ್ತಿರ ವಯಸ್ಸು. ಕಪಾಟಿನಲ್ಲಿ ಅಮ್ಮ ಓದುತ್ತಿದ್ದ ಗ್ರಂಥವೇ ಕಂಡಿತು. ಹೊತ್ತು ಹೋಗಲಿ ಎಂದು ತೆರೆದೆ. ಮುತ್ತಿಗೆ ಬಿದ್ದ ಕೋಟೆ, ಒಳಗೊಬ್ಬ ರಾಜ, ಮಂತ್ರಿ, ಬಾಗಿಲು ಕಾಯುವವನು. ಚಿಕ್ಕಂದಿನಲ್ಲಿ ಕೇಳಿ ಕೇಳಿ ಬೇಸರವಾದ ಅದೇ ಕಥೆ. ಗುಮಾಸ್ತರು ನನ್ನ ಹೆಗಲ ಮೇಲಿಂದ ನೋಡಿ, "ಪಕ್ಕದ ಮನೆಗೆ ಬಂದ ಪತ್ರ ಓದಿದ ಹಾಗೆ ಓದ್ತಾ ಇದೀಯಲ್ಲಪ್ಪ. ವಿಳಾಸ ನೋಡು. ಅದು ನಿಂಗೇ ಬಂದಿರೋದು" ಎಂದರು.

ಅಂದಿನಿಂದ ಹಾಗೆ ಓದುತ್ತಿದ್ದೇನೆ. ಕೋಟೆಯೂ ನಾನೇ. ಭಯಪಡುವ ರಾಜ ನಾನೇ, ರಾಜನಿಗೆ ಬೇಕಾದದ್ದನ್ನೇ ಹೇಳುವ ಮಂತ್ರಿಯೂ ನಾನೇ. ನಗಬೇಡ. ಒಂದೊಂದು ಪದ್ಯಕ್ಕೆ ಒಂದೊಂದು ದಿನ ಹಿಡಿಯುತ್ತದೆ.

ಒಂದು ಉಪಕಾರ ಮಾಡು. ಇಲ್ಲಿನ ಪ್ರತಿಯಲ್ಲಿ ಏಳನೆಯ ಅಧ್ಯಾಯವಿಲ್ಲ, ಯಾರೋ ಕಿತ್ತಿದ್ದಾರೆ. ಅಮ್ಮನ ಪುಸ್ತಕ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಕಳಿಸು.

ನಿನ್ನ ತಮ್ಮ


ಮಾರ್ಚ್ ೯

ಮಹಾಜ್ಞಾನಿಗಳಿಗೆ,

ಸ್ವೆಟರ್ ಕಳಿಸಿದ್ದೇನೆ. ಪುಸ್ತಕ ಕಳಿಸುವುದಿಲ್ಲ.

ರಾಜ ನೀನೇ, ಮಂತ್ರಿ ನೀನೇ, ಕೋಟೆ ನೀನೇ. ಅಲ್ಲವೋ, ಇಡೀ ಊರನ್ನೆಲ್ಲ ನೀನೊಬ್ಬನೇ ತುಂಬಿಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು? ಆ ರಾಜನ ಬಟ್ಟೆ ಒಗೆಯುವವಳು ಯಾರು ಅಂತ ಯಾವ ಅಧ್ಯಾಯದಲ್ಲಾದರೂ ಇದೆಯಾ? ನಾನು ಹುಡುಕಿದೆ. ಹೌದು, ತೆಗೆದು ನೋಡಿದೆ. ನಿನಗೆ ಎದುರುತ್ತರ ಕೊಡುವುದಕ್ಕೆ ಬೇಕಿತ್ತು. ಆರು ಅಧ್ಯಾಯದಲ್ಲಿ ಹದಿನೇಳು ಯುದ್ಧ, ಎಷ್ಟೋ ಗಾಯ. ಒಂದು ಬಟ್ಟೆ ಕೂಡ ಒಣಗುವುದಿಲ್ಲ.

ಅಮ್ಮ ಬೆಳಿಗ್ಗೆ ಓದುತ್ತಿದ್ದದ್ದು ನೆನಪಿದೆಯಾ? ಬಾಯಿ ಗ್ರಂಥದ ಮೇಲೆ, ಕಣ್ಣು ಒಲೆಯ ಮೇಲೆ, ಕಿವಿ ನಮ್ಮ ಮೇಲೆ. "ಆಗ ರಾಜನು ಕೋಟೆಯ ಬಾಗಿಲನ್ನು ತೆರೆದು... ಏಯ್, ಅಕ್ಕನ ಜಡೆ ಬಿಡೋ... ಶತ್ರುವನ್ನು ಕಂಡನು." ನನಗೆ ಬಹಳ ವರ್ಷ ಆ ರಾಜನೇ ಯಾರದೋ ಜಡೆ ಹಿಡಿದಿದ್ದಾನೆ ಎಂದೇ ಅನಿಸಿತ್ತು. ಅಮ್ಮ ಓದಿ ಮಡಚಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಒಳಗೆ, ಹೊರಗೆ ಎಂದು ಯಾರಿಗೂ ತಲೆ ತಿನ್ನಲಿಲ್ಲ.

ಏಳನೆಯ ಅಧ್ಯಾಯ ಈ ಪ್ರತಿಯಲ್ಲೂ ಇಲ್ಲ. ಹುಳ ತಿಂದಿದೆ. ಆದ್ದರಿಂದ ಕೇಳಬೇಡ.

ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು, ಕೆಮ್ಮಿಗೆ ಒಳ್ಳೆಯದು.

ಅಕ್ಕ


ಮಾರ್ಚ್ ೨೮

ಅಕ್ಕಾ,

ಸ್ವೆಟರ್ ಸರಿಯಾಗಿದೆ, ತೋಳು ಮಾತ್ರ ಇನ್ನೊಬ್ಬನಿಗೂ ಆಗುವಷ್ಟು ಉದ್ದ. ಮಡಚಿಕೊಂಡಿದ್ದೇನೆ.

ಏಳನೆಯ ಅಧ್ಯಾಯಕ್ಕೆ ಹುಳ ಹಿಡಿದರೂ ಚಿಂತೆಯಿಲ್ಲ, ಗುಮಾಸ್ತರಿಗೆ ಅದು ಬಾಯಿಪಾಠ. ನಾಲ್ಕು ದಿನ ಹೇಳಿದರು, ನಾನು ಬರೆದುಕೊಂಡೆ. ಬಾಗಿಲು ಕಾಯುವವನ ಕಥೆ. ಕೋಟೆಯೊಳಗೆ ಶತ್ರು ನುಸುಳಿರುತ್ತಾನೆ. ರಾಜ ಸಭೆಯಲ್ಲಿ ಕೇಳುತ್ತಾನೆ, "ಯಾರನ್ನು ಒಳಗೆ ಬಿಟ್ಟೆ?" ಕಾವಲುಗಾರ "ಯಾರನ್ನೂ ಬಿಡಲಿಲ್ಲ" ಎನ್ನುತ್ತಾನೆ. ಸಭೆ ನಂಬುತ್ತದೆ. ಬೇರೆ ಯಾರನ್ನೋ ಹಿಡಿದು ಕೋಟೆಯಿಂದ ಆಚೆ ಹಾಕುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ, ಆದರೆ ಆಮೇಲೊಂದು ಪದ್ಯವಿದೆ: "ಬಾಗಿಲು ಕಾಯುವವನೇ, ನೀನು ಹೇಳಿದ್ದನ್ನು ಸಭೆ ಕೇಳಿತು. ಹೇಳುತ್ತಿದ್ದ ನಿನ್ನನ್ನು ನೋಡುತ್ತಾ ಕುಳಿತಿದ್ದ ಸಾಕ್ಷಿ ಯಾರು?"

ಇದನ್ನು ಬರೆದುಕೊಂಡ ದಿನ ನನಗೆ ಊಟ ಸೇರಲಿಲ್ಲ.

ನಾನು ಆ ದಿನದ ಬಗ್ಗೆ ಯೋಚಿಸುತ್ತಿದ್ದೇನೆ, ಅಕ್ಕ. ನನ್ನ ಜೊತೆ ಲಿಫ್ಟ್ ಕೆಲಸ ಮಾಡುತ್ತಿದ್ದ ಮೀಸೆಯ ಬಗ್ಗೆಯೂ. ಅವನು ಈಗ ಏನು ಮಾಡುತ್ತಿದ್ದಾನೆ, ನಿನಗೆ ಗೊತ್ತಾ?

ನಿನ್ನ ತಮ್ಮ


ಏಪ್ರಿಲ್ ೬

ತಮ್ಮಾ,

ಆ ದಿನದ ಬಗ್ಗೆ ಯೋಚಿಸುವ ಕೆಲಸ ನಿನ್ನದಲ್ಲ. ಅದನ್ನು ಕೋರ್ಟು ಯೋಚಿಸಿ ಮುಗಿಸಿದೆ. ನಿನ್ನ ಪಾಲಿಗೆ ನಿನ್ನ ಶಿಕ್ಷೆ ಬಂತು, ಮೀಸೆಯ ಪಾಲಿಗೆ ಅವನ ಲೈಸೆನ್ಸ್ ಹೋಯಿತು. ಜೊತೆಯಲ್ಲಿ ಹತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು, ಪಾಪ ಎನಿಸುತ್ತದೆ, ನನಗೂ ಎನಿಸುತ್ತದೆ. ಆದರೆ ಮುಚ್ಚಿದ ಗಾಯವನ್ನು ಉಗುರಿನಿಂದ ಕೆದಕಿ ಒಳಗೆ ಏನಿದೆ ನೋಡೋಣ ಅನ್ನುವುದು ಯಾವ ಜ್ಞಾನ? ಒಳಗೆ ಏನಿರುತ್ತದೆ? ರಕ್ತ ಇರುತ್ತದೆ.

ಆ ನಿನ್ನ ಗುಮಾಸ್ತರು ಯಾಕೆ ಒಳಗಿದ್ದಾರೆ ಅಂತ ವಕೀಲರ ಹತ್ತಿರ ವಿಚಾರಿಸಿದೆ. ಇಪ್ಪತ್ತು ವರ್ಷ ಕಂಡವರ ಸಹಿ ಹಾಕಿದ ಮನುಷ್ಯ! ಅವರು ಬಾಯಿಪಾಠ ಹೇಳಿದ ಅಧ್ಯಾಯದಲ್ಲಿ ಎಷ್ಟು ಗ್ರಂಥದ್ದು, ಎಷ್ಟು ಅವರ ಸ್ವಂತದ್ದು ಅಂತ ಯಾರಿಗೆ ಗೊತ್ತು?

ಮುಂದಿನ ಪತ್ರದಲ್ಲಿ ಹವೆ ಹೇಗಿದೆ, ಊಟ ಹೇಗಿದೆ, ಅಷ್ಟೇ ಬರೆ. ನಿನ್ನ ಸೊಸೆ ನಿನ್ನ ಪತ್ರಗಳನ್ನು ಓದುತ್ತಾಳೆ.

ಅಕ್ಕ


ಮೇ ೪

ತಮ್ಮಾ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕೋಪ ಬಂದಿದ್ದರೆ ಕೋಪ ಬಂದಿದೆ ಅಂತಲಾದರೂ ಬರೆ. ಮೌನವ್ರತ ಹಿಡಿದಿದ್ದರೆ ಅದನ್ನೂ ಬರೆದು ತಿಳಿಸು.

ಹೋದ ಗುರುವಾರ ಮೀಸೆ ಲಾಂಡ್ರಿಯ ಬಾಗಿಲಿಗೆ ಬಂದಿದ್ದ. ಮಾರುಕಟ್ಟೆಯಲ್ಲಿ ಲಾರಿಗೆ ಪೆಟ್ಟಿಗೆ ಏರಿಸುವ ಕೆಲಸವಂತೆ. ಬೆರಳು ಜಜ್ಜಿಕೊಂಡು ಆಸ್ಪತ್ರೆಗೆ ಬಂದವನು, ನಾನು ಇಲ್ಲೇ ಕೆಲಸ ಮಾಡುವುದೆಂದು ನೆನಪಾಗಿ, ಕಟ್ಟು ಹಾಕಿಸಿಕೊಂಡ ಕೈ ಎತ್ತಿಕೊಂಡೇ ಕೆಳಗಿಳಿದಿದ್ದ. ಬೈಯಲಿಕ್ಕೆ ಬಂದಿದ್ದಾನೆ ಎಂದುಕೊಂಡು ನಾನು ಇಸ್ತ್ರಿಯ ಹಿಂದೆ ನಿಂತೆ. ಅವನು ನಿನ್ನ ಕೆಮ್ಮು ವಿಚಾರಿಸಿದ. ಆಮೇಲೆ ಒಗೆದ ಬಟ್ಟೆಯ ರಾಶಿ ನೋಡಿಕೊಂಡು ಹೇಳಿದ:

"ಅಕ್ಕಾ, ನಾನೇ ಮರೆತಿರ್ಬೇಕು. ಬ್ರೇಕು ನನ್ನ ಪಾಲಿಗೇ ಇತ್ತೇನೋ. ಲಿಫ್ಟಿನ ಕೆಳಗಿನ ಗುಂಡೀಲಿ ಕೆಲಸ ಮಾಡಿದ್ದು ಆವತ್ತೋ, ಅದರ ಹಿಂದಿನ ತಿಂಗಳೋ, ಈಗ ಯೋಚಿಸಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಎರಡೂವರೆಗೆ ಅವನನ್ನ ಹುಡುಕ್ಕೊಂಡು ಮೇಲೆ ಹೋದೆ ಅಂತ ಕೋರ್ಟಲ್ಲಿ ಹೇಳಿದ್ನಲ್ಲ, ಹೋಗಿದ್ನೋ ಇಲ್ವೋ. ಇಷ್ಟೊಂದು ಜನ ಅವನು ಅಲ್ಲೇ ಇದ್ದ ಅಂತ ಹೇಳಿದ್ಮೇಲೆ..."

"ಇಷ್ಟೊಂದು ಜನ" ಎಂದ. ಅಷ್ಟೊಂದು ಜನ ಯಾರೂ ಇರಲಿಲ್ಲ.

ನನಗೆ ಎಂಥ ಸಿಟ್ಟು ಬಂತು ಗೊತ್ತಾ? ಬೈದಿದ್ದರೆ ಪರವಾಗಿರಲಿಲ್ಲ. "ನಿನ್ನ ನೆನಪು ನಿಂಗೇ ಗೊತ್ತಿಲ್ದಿದ್ರೆ ನಂಗೇನು ಗೊತ್ತು, ಹೋಗು, ಬೆರಳಿಗೆ ನೀರು ಸೋಕಿಸ್ಬೇಡ" ಎಂದು ಗದರಿಸಿ ಕಳಿಸಿದೆ. ಅವನು ಹೋದ ಮೇಲೆ ಒಂದೇ ಹಾಸಿಗೆ ಬಟ್ಟೆಯನ್ನು ನಾಲ್ಕು ಸಲ ಮಡಚಿದೆನಂತೆ. ಜೊತೆಯವರು ಹೇಳಿದರು.

ಇದಕ್ಕೂ ನಿನಗೂ ಸಂಬಂಧವಿಲ್ಲ. ಕೇಳಿದ್ದೆಯಲ್ಲ ಅಂತ ಬರೆದೆ.

ಅಕ್ಕ


ಮೇ ೨೧

ಅಕ್ಕಾ,

ನಿನ್ನ ಪತ್ರವನ್ನು ಗುಮಾಸ್ತರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದರು. "ಏಳನೇ ಅಧ್ಯಾಯ ಓದಿದ್ರಿಂದ ನನ್ನ ಮನಸ್ಸು ಹಗುರ ಆಗ್ತಾ ಇದೆ" ಎಂದು ನಾನು ಹೋದ ತಿಂಗಳು ಅವರಿಗೆ ಹೇಳಿದ್ದೆ. ಈಗ ಅದನ್ನೇ ಹಿಡಿದು ಬೈದರು: "ಚಳಿಗೆ ಹೊದ್ಕೊಳ್ಳೋ ಕಂಬಳಿ ಮಾಡ್ಕೊಂಡಿದ್ದೀಯಲ್ಲೋ ಇದನ್ನ. ಇದು ಹೊದಿಯೋ ಸಾಮಾನಲ್ಲ, ಹೊದ್ದಿದ್ದನ್ನ ಕಿತ್ತು ಎಬ್ಬಿಸೋ ಸಾಮಾನು. ಒಳಗೆ ನೋಡ್ಕೊಂಡೆ ನೋಡ್ಕೊಂಡೆ ಅಂತೀಯಲ್ಲ, ಕಂಡಿದ್ದೇನು? ಕಂಡಮೇಲೆ ಮಾಡಿದ್ದೇನು?" ನೀನು ಹೇಳಿದ್ದು ನಿಜ, ಅವರು ಕಂಡವರ ಸಹಿ ಹಾಕಿದವರು. ಅದನ್ನು ಅವರೇ ಎಲ್ಲರಿಗಿಂತ ಮೊದಲು ಹೇಳುತ್ತಾರೆ. ಆ ಮನೆಗಳ ಹೆಸರು ಹೇಳುತ್ತಾರೆ, ಒಂದೊಂದಾಗಿ.

ನಾನು ಒಂದು ಅರ್ಜಿ ಬರೆದಿಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ. ಅದರಲ್ಲಿ ನನ್ನ ಮಾತು ಮಾತ್ರ ಇದೆ, ಬೇರೆ ಯಾರ ವಿಷಯವೂ ಇಲ್ಲ. ಆದರೆ ನನ್ನ ಮಾತು ನಿಜ ಎಂದಾದರೆ ಇನ್ನೊಬ್ಬರು ಹೇಳಿದ್ದು ಸುಳ್ಳು ಎಂದಾಗುತ್ತದೆ. ಅದನ್ನು ಹೇಗೆ ತಪ್ಪಿಸುವುದೆಂದು ತಿಂಗಳಿಡೀ ಯೋಚಿಸಿದೆ. ದಾರಿಯಿಲ್ಲ. ಪತ್ರ ಬರೆಯದೆ ಇದ್ದದ್ದು ಅದಕ್ಕೇ.

ನೀನು ಬೇಡ ಎಂದರೆ ಕೊಡುವುದಿಲ್ಲ. ಆಣೆ ಮಾಡಿ ಹೇಳುತ್ತೇನೆ.

ನಿನ್ನ ತಮ್ಮ


ಮೇ ೩೦

ಬೇಡ.

ಅಕ್ಕ


ಜೂನ್ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ನಾನು ಆರೋಗ್ಯವಾಗಿದ್ದೇನೆ. ಹವೆ ಚೆನ್ನಾಗಿದೆ. ಊಟ ಸಾಧಾರಣ. ಕೆಮ್ಮು ಕಡಿಮೆಯಾಗಿದೆ. ನನ್ನನ್ನು ಈಗ ಬಡಗಿ ಕೆಲಸಕ್ಕೆ ಹಾಕಿದ್ದಾರೆ, ಕುರ್ಚಿಯ ಕಾಲು ನುಣುಪು ಮಾಡುತ್ತೇನೆ. ಗ್ರಂಥವನ್ನು ವಾಪಸು ಕೊಟ್ಟೆ. ಇನ್ನು ಅದರ ವಿಷಯ ಬರೆದು ನಿನಗೆ ತೊಂದರೆ ಕೊಡುವುದಿಲ್ಲ. ಸೊಸೆಗೆ ಪರೀಕ್ಷೆ ಚೆನ್ನಾಗಿ ಆಗಲಿ.

ನಿನ್ನ ತಮ್ಮ


ಜುಲೈ ೧೩

ತಮ್ಮಾ,

ಇಷ್ಟು ವರ್ಷದಲ್ಲಿ ನನಗೆ ಬಂದ ಪತ್ರಗಳಲ್ಲೆಲ್ಲ ಅತ್ಯಂತ ಕೆಟ್ಟ ಪತ್ರವೆಂದರೆ ನಿನ್ನ ಜೂನ್ ಹದಿನೆಂಟರ ಪತ್ರ. "ಊಟ ಸಾಧಾರಣ." ನಾನು ಕೇಳಿದ್ದನ್ನೇ ಬರೆದಿದ್ದೀಯ, ಒಂದಕ್ಷರ ಹೆಚ್ಚಿಲ್ಲ. ಹನ್ನೊಂದು ಪುಟದ ಉಪದೇಶ ಓದುವಾಗ ತಲೆ ಚಿಟ್ಟು ಹಿಡಿಯುತ್ತಿತ್ತು, ಆದರೆ ಬರೆದವನು ನನ್ನ ತಮ್ಮ ಎಂದು ಗೊತ್ತಾಗುತ್ತಿತ್ತು. ಇದನ್ನು ಯಾರು ಬೇಕಾದರೂ ಬರೆಯಬಹುದು. ಬೇಡ ಅಂದರೆ ನೀನು ಹಟ ಮಾಡುತ್ತೀಯ, ಜಗಳವಾಡುತ್ತೀಯ, ಆಗ ನಾನೂ ಗಂಟಲು ಹರಿಯುವ ಹಾಗೆ ಕೂಗಬಹುದು ಎಂದುಕೊಂಡಿದ್ದೆ. ನೀನು ತಲೆ ಬಗ್ಗಿಸಿ ಹೋದೆ. ಭಾರವನ್ನೆಲ್ಲ ನನ್ನ ಬಾಗಿಲಲ್ಲಿಟ್ಟು ಹೋದೆ.

ಹೋದ ಭಾನುವಾರ ಮಧ್ಯಾಹ್ನ ಅಮ್ಮನ ಪುಸ್ತಕ ತೆಗೆದೆ. ಏಳನೆಯ ಅಧ್ಯಾಯಕ್ಕೆ ಯಾವ ಹುಳವೂ ಹಿಡಿದಿಲ್ಲ, ನಿನಗದು ಗೊತ್ತಿತ್ತು. ಗುಮಾಸ್ತರು ಒಂದಕ್ಷರವನ್ನೂ ಸೇರಿಸಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನೀನು ಹೇಳಿದ ಹಾಗೆ ನನಗೇ ಬಂದ ಪತ್ರ ಎಂದು ಓದಲು ನೋಡಿದೆ. ಎರಡು ಪದ್ಯಕ್ಕೆ ಎದ್ದು ಹೋಗಿ ಪಾತ್ರೆ ತೊಳೆದೆ. ಮತ್ತೆ ಬಂದು ಕೂತೆ. ಮತ್ತೆ ಎದ್ದು ಕಿಟಕಿ ಒರೆಸಿದೆ. ಮಗಳು ಮೇಜಿನ ಆಚೆ ಬದಿಯಲ್ಲಿ ಲೆಕ್ಕ ಮಾಡುತ್ತಿದ್ದವಳು, ತಲೆಯೆತ್ತದೆ ಕೇಳಿದಳು:

"ಅಮ್ಮ, ಅದರಲ್ಲಿ ಆ ಕಾವಲುಗಾರಂಗೆ ಮಕ್ಕಳಿದ್ರಾ?"

"ಬರೆದಿಲ್ಲ. ಯಾಕೆ?"

"ಇದ್ದಿದ್ರೆ ಅವರಿಗೆ ಗೊತ್ತಿರ್ತಿತ್ತಲ್ಲ."

"ಏನು ಗೊತ್ತಿರ್ತಿತ್ತು?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ನಾನು ಆವತ್ತು ಸ್ಕೂಲಿಂದ ಮೂರೂವರೆಗೆ ಬಂದೆ ಅಮ್ಮ. ಮಾವ ಆಗಲೇ ಬೀರು ಮೇಲಕ್ಕೇರಿಸಿ, ಕಾಲು ಚಾಚಿ, ನೀರು ಕುಡೀತಾ ಕೂತಿದ್ರು. ನೀನು ಕೋರ್ಟಲ್ಲಿ ಐದೂಕಾಲು ಅಂದೆ. ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಏನು ಹೇಳ್ಬೇಕು ಅಂತ ಎಷ್ಟು ದಿನ ಯೋಚಿಸ್ತಿದ್ದೆ ಗೊತ್ತಾ? ಐದೂಕಾಲು ಅಂತ ಹೇಳಿ ಹೇಳಿ ಅಭ್ಯಾಸ ಮಾಡ್ಕೊಂಡಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಗೆ ನಾವೆಷ್ಟು ನಕ್ಕಿದ್ದೇವೆ. ಇಲ್ಲಿ ನನ್ನ ಹೆಗಲು ಮುಟ್ಟಿಕೊಳ್ಳುವುದಿರಲಿ, ಹನ್ನೆರಡು ವರ್ಷದ ಮಗುವಿನ ಹೆಗಲ ಮೇಲೂ ಒಂದು ಕಾಯಿ ಹೊರಿಸಿದ್ದೆ. ಅವಳ ಊಟ, ಅವಳ ಓದು, ಅವಳ ಭವಿಷ್ಯ ಅಂತ ಹೇಳಿಕೊಂಡೇ ನಾನು ನಿನಗೆ ಬೇಡ ಎಂದು ಬರೆದದ್ದು.

ಈಗ, ಪತ್ರ ಒಡೆದು ಓದುವ ಸಾಹೇಬರೇ, ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ನಾನು ಹೊಸ ಬಾಡಿಗೆ ಮನೆಗೆ ಸಾಮಾನು ಸಾಗಿಸುವ ದಿನ, ಬೀರು ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು. ನಾನೇ ಫೋನ್ ಮಾಡಿ ತಮ್ಮನನ್ನು ಕರೆದೆ. "ಕೆಲಸ ಇದೆ ಅಕ್ಕ" ಎಂದ. "ನಿಂಗೆ ಯಾವತ್ತೂ ಕೆಲಸವೇ" ಎಂದು ರೇಗಿದೆ. ಅವನು ಮೇಲಿನ ಯಂತ್ರದ ಕೋಣೆಗೆ ಬೀಗ ಹಾಕಿ, ನೋಡದ ಬ್ರೇಕನ್ನು ನೋಡಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಮಾಡಿ, ಎರಡು ಗಂಟೆಗೆ ನಮ್ಮ ಮನೆಗೆ ಬಂದ. ಕೆಳಗಿನ ಗುಂಡಿಯಲ್ಲಿದ್ದ ಮೀಸೆ ಆ ಸಹಿ ನಂಬಿ ಲಿಫ್ಟ್ ಓಡಿಸಿದ. ಐದೂ ನಲವತ್ತಕ್ಕೆ ಅದು ಜಾರಿತು. ಕೋರ್ಟಿನಲ್ಲಿ ನನ್ನ ತಮ್ಮ, ಬ್ರೇಕು ಮೀಸೆಯ ಪಾಲು, ನಾನು ಐದರ ತನಕ ಗುಂಡಿಯಲ್ಲಿದ್ದೆ ಎಂದ. ಐದೂಕಾಲಿಗೆ ಮನೆಗೆ ಬಂದ ಎಂದು ನಾನು ಸಾಕ್ಷಿ ಹೇಳಿದೆ. ಎರಡೂ ಸುಳ್ಳು. ನೋಡದೆ ಸಹಿ ಹಾಕಿದ ತಪ್ಪು ಮಾತ್ರ ತಮ್ಮನ ತಲೆಗೆ ಬಂತು, ಬ್ರೇಕು ಬಿಟ್ಟ ತಪ್ಪು ಮೀಸೆಯ ತಲೆಗೆ ಹೋಯಿತು. ಬರೆದುಕೊಂಡಿರಾ?

ಮಂಗಳವಾರ ಕೆಲಸ ಮುಗಿಸಿ ಮೀಸೆಯ ಮನೆಗೆ ಹೋದೆ. ಮಾರುಕಟ್ಟೆಯ ಹಿಂದೆ, ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿ. ಯಾರದೋ ಫ್ಯಾನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಕೂರಲು ಸ್ಟೂಲು ಕೊಟ್ಟ. ನಾನು ನಿಂತೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಎಂದು.

"ಎಷ್ಟೊತ್ತಿಗೆ?" ಎಂದ.

"ಎರಡಕ್ಕೆ."

"ಮಧ್ಯಾಹ್ನ ಎರಡಕ್ಕೆ?"

"ಮಧ್ಯಾಹ್ನ."

"ಹಂಗಾದ್ರೆ ಎರಡೂವರೆಗೆ ನಾನು ಮೇಲಕ್ಕೆ ಹೋಗಿದ್ದು... ಯಂತ್ರದ ಕೋಣೆಗೆ ಬೀಗ ಇತ್ತು. ತಟ್ಟಿದೆ. ಹೆಸರು ಹಿಡಿದು ಕೂಗ್ದೆ."

"ಹೋಗಿರ್ಬೇಕು."

"ಹೋಗಿರ್ಬೇಕು ಅಲ್ಲ ಅಕ್ಕ. ಹೋಗಿದ್ದೆ. ಬೀಗ ಇತ್ತು. ಹಳದಿ ಬೀಗ."

ಅವನ ಮುಖ ಬೆಳಗಿತು, ತಮ್ಮಾ. ಕಳೆದುಹೋದ ಮಗು ಸಿಕ್ಕಿದವನ ಹಾಗೆ ಒಂದು ಗಳಿಗೆ ನಕ್ಕ. ಆಮೇಲೆ ನಾನು ಯಾರು ಎಂಬುದು ನೆನಪಾಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿದ. "ಹೋಗಿ" ಎಂದ. "ಇನ್ನೊಂದು ಮಾತಾಡಿದ್ರೆ ನನ್ನ ಬಾಯಲ್ಲಿ ಕೆಟ್ಟದ್ದು ಬರುತ್ತೆ. ಹೋಗಿ ಅಕ್ಕ." ಅಕ್ಕ ಅನ್ನುವುದನ್ನು ಅವನು ಆಗಲೂ ಬಿಡಲಿಲ್ಲ. ಅದೇ ಹೆಚ್ಚು ಸುಟ್ಟಿತು.

ಬುಧವಾರ ವಕೀಲರ ಹತ್ತಿರ ಹೋಗಿ ಹೇಳಿಕೆ ಬರೆಸಿ ಸಹಿ ಮಾಡಿದೆ. ಅವರು ಪೆನ್ನಿನ ಕ್ಯಾಪು ಕಚ್ಚಿಕೊಂಡು, "ಪರಿಣಾಮ ಯೋಚಿಸಿದ್ದೀರಾ?" ಎಂದರು. ಎರಡು ವರ್ಷದಿಂದ ಬೇರೇನೂ ಯೋಚಿಸಿಲ್ಲ ಎಂದೆ. ಆಸ್ಪತ್ರೆಯವರಿಗೂ ನಾನೇ ತಿಳಿಸಿದೆ. ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದಿದ್ದಾರೆ.

ನನಗೆ ಯಾವ ಶಾಂತಿಯೂ ಸಿಕ್ಕಿಲ್ಲ. ನಡುರಾತ್ರಿ ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ನಿನ್ನ ಗುಮಾಸ್ತರನ್ನು ಕೇಳು, ಇದಕ್ಕೆ ಎಷ್ಟನೆಯ ಅಧ್ಯಾಯದಲ್ಲಿ ಔಷಧ ಇದೆ ಅಂತ.

ನಿನ್ನ ಅರ್ಜಿ ಕೊಡು. ಗ್ರಂಥವನ್ನೂ ವಾಪಸು ತಂದುಕೋ.

ಅಕ್ಕ


ಜುಲೈ ೨೬

ಅಕ್ಕಾ,

ಅರ್ಜಿ ಕೊಟ್ಟೆ. ನಿನ್ನ ಪತ್ರವನ್ನು ನನಗೆ ಕೊಡುವಾಗ ಸಾಹೇಬರು ಕುರ್ಚಿ ತೋರಿಸಿದರು. ಅವರೆದುರೇ ಕುಳಿತು ಓದಿದೆ.

ಔಷಧದ ವಿಷಯ ಗುಮಾಸ್ತರನ್ನು ಕೇಳಿದೆ. "ಇಲ್ಲ ಅಂತ ಬರಿ" ಎಂದರು.

ನೀನು ಫೋನ್ ಮಾಡಿದ್ದು ತಪ್ಪಲ್ಲ. ಬೀರು ಸಿಕ್ಕಿಕೊಂಡರೆ ತಮ್ಮನನ್ನು ಕರೆಯದೆ ಯಾರನ್ನು ಕರೆಯುತ್ತೀಯ? ಒಂದು ಗಂಟೆ ತಡೆದು ಬರುತ್ತೇನೆ ಎನ್ನಲು ನನಗೆ ಬಾಯಿತ್ತು. ಬ್ರೇಕು ನೋಡಲು ಬೇಕಾಗಿದ್ದದ್ದು ಇಪ್ಪತ್ತು ನಿಮಿಷ. ಸೊಸೆಗೆ ಹೇಳು, ಅವಳು ಅಭ್ಯಾಸ ಮಾಡಿದ್ದನ್ನು ಮರೆತುಬಿಡಲಿ ಎಂದು.

ತಮ್ಮ


ನವೆಂಬರ್ ೧೯

ತಮ್ಮಾ,

ತೀರ್ಪಿನ ವಿಷಯ ನಿನಗೂ ತಲುಪಿರಬೇಕು. ನಿನಗೆ ಮತ್ತೆ ಒಂದೂವರೆ ವರ್ಷ. ನನಗೆ ಆರು ತಿಂಗಳು, ಮಗಳು ಚಿಕ್ಕವಳೆಂದು ಅದನ್ನು ಅಮಾನತಿನಲ್ಲಿಟ್ಟಿದ್ದಾರೆ. ಇನ್ನೊಂದು ತಪ್ಪು ಮಾಡಿದರೆ ಒಳಗೆ. ಆಸ್ಪತ್ರೆಯ ಕೆಲಸ ಹೋಯಿತು. ಒಂದು ಸಣ್ಣ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿಗೆ ಸೇರಿದ್ದೇನೆ. ಮಾಲೀಕ ರೇಡಿಯೋ ಜೊತೆ ತಾನೂ ಹಾಡುತ್ತಾನೆ, ಅದೇ ನನಗೆ ಕೊಟ್ಟ ನಿಜವಾದ ಶಿಕ್ಷೆ. ಮೀಸೆಯ ಲೈಸೆನ್ಸ್ ವಾಪಸು ಕೊಟ್ಟರು.

ಕೋರ್ಟಿನ ಹೊರಗೆ ಟೈಪಿಸ್ಟ್ ಹೆಂಗಸು ಬೆಂಚಿನ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಊರುಗೋಲು. ಕ್ಷಮೆ ಕೇಳಲು ಹೋದೆ. ನಾಲ್ಕು ದಿನದಿಂದ ಮಾತು ಹೊಂದಿಸಿಕೊಂಡಿದ್ದೆ. ಅವಳು ಕೈ ಎತ್ತಿ ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿದಳು: "ಆವತ್ತು ಬೀರು ಮೇಲಕ್ಕೆ ಹೋಯ್ತಾ?"

"ಹೋಯ್ತು" ಎಂದೆ.

ತಲೆಯಾಡಿಸಿದಳು. ಊರುಗೋಲು ಊರಿಕೊಂಡು ಎದ್ದು ಹೊರಟಳು. ಮೆಟ್ಟಿಲಿಳಿಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ, ಹೋಗುವ ಯೋಗ್ಯತೆ ಇರಲಿಲ್ಲ. ಕೊನೆಯ ಮೆಟ್ಟಿಲಿನ ತನಕ ನೋಡಿದೆ.

ನಾನೀಗ ದಿನಾ ಬೆಳಿಗ್ಗೆ ಒಂದು ಪದ್ಯ ಓದುತ್ತೇನೆ. ಜ್ಞಾನಕ್ಕಲ್ಲ. ದಿನಾ ಏನಾದರೂ ಒಂದು ಸಿಕ್ಕಿಬೀಳುತ್ತದೆ, ನನ್ನದೇ. ಮಹಾ ಉಪದ್ರವದ ಪುಸ್ತಕ. ಮೊನ್ನೆ ಓದುತ್ತಾ ಮಗಳನ್ನು ಗದರಿಸಿದೆ, ಅವಳು ಬಿದ್ದು ಬಿದ್ದು ನಕ್ಕಳು, "ಅಜ್ಜಿ ಥರಾನೇ" ಎಂದು.

ನೀನು ಮೀಸೆಗೆ ಪತ್ರ ಬರೆಯುತ್ತಿದ್ದೀಯಂತೆ. ಸ್ವಲ್ಪ ಕೈ ತಡೆ.

ಅಕ್ಕ


ಡಿಸೆಂಬರ್ ೧೪

ಅಕ್ಕನವರಿಗೆ,

ನಿಮ್ಮ ತಮ್ಮ ನನಗೆ ಈವರೆಗೆ ನಾಲ್ಕು ಪತ್ರ ಬರೆದಿದ್ದಾನೆ. ಕೊನೆಯದು ಒಂಬತ್ತು ಪುಟ. ಅದರಲ್ಲಿ ಕ್ಷಮಿಸು ಎಂಬುದು ಅರ್ಧ ಪುಟ, ಉಳಿದದ್ದು ಕೋಟೆ. ಕಾವಲುಗಾರ ಅವನಂತೆ. ಕೋಟೆಯಿಂದ ಆಚೆ ಹಾಕಿದವನು ನಾನಂತೆ. ನನಗೆ ಯಾವ ಕೋಟೆಯೂ ಬೇಡ, ದಯವಿಟ್ಟು ನಿಲ್ಲಿಸಲು ಹೇಳಿ. ನಾನು ಹೇಳಿದರೆ ಇನ್ನೊಂದು ಒಂಬತ್ತು ಪುಟ ಬರುತ್ತದೆ.

ನಾನು ಅವನನ್ನು ಕ್ಷಮಿಸಿಲ್ಲ. ನಿಮ್ಮನ್ನೂ ಕ್ಷಮಿಸಿಲ್ಲ. ಬಾಯಿಮಾತಿಗೆ ಹೇಳಬಹುದು, ಆದರೆ ಇನ್ನು ಮೇಲೆ ನಮ್ಮ ನಡುವೆ ಬಾಯಿಮಾತು ಬೇಡ ಎಂದುಕೊಂಡಿದ್ದೇನೆ. ಲೈಸೆನ್ಸ್ ಹೋದದ್ದು ದೊಡ್ಡದಲ್ಲ, ಪೆಟ್ಟಿಗೆ ಹೊತ್ತು ಬದುಕಿದೆ. ನಾನು ಮಾಡಿದ್ದನ್ನು ನಾನೇ ಮಾಡಿದೆನೋ ಇಲ್ಲವೋ ಎಂದು ಗೊತ್ತಾಗದೆ ಎರಡು ವರ್ಷ ಕಳೆದೆ. ಬಾಗಿಲು ಹಾಕಿ ಬಂದು, ಹಾಕಿದೆನಾ ಎಂದು ಅರ್ಧ ದಾರಿಯಿಂದ ವಾಪಸು ಹೋಗುತ್ತಿದ್ದೆ. ಅದನ್ನು ಯಾವ ಕೋರ್ಟೂ ವಾಪಸು ಕೊಡುವುದಿಲ್ಲ.

ಆದರೆ ನೀವು ನಾಲ್ಕು ಮಹಡಿ ಹತ್ತಿ ಬಂದು ನಿಂತುಕೊಂಡೇ ಹೇಳಿದಿರಿ. ಅದಕ್ಕಾಗಿ ಈ ವಿಷಯ ನಿಮಗೆ ತಿಳಿಸಬೇಕೆನಿಸಿತು.

ಸೋಮವಾರ ಮೊದಲ ಕೆಲಸ ಸಿಕ್ಕಿತು. ಆರು ಮಹಡಿಯ ಕಟ್ಟಡ, ಹಳೆಯ ಲಿಫ್ಟ್. ಬ್ರೇಕು ಬಿಚ್ಚಿ, ಸವೆದ ಪಟ್ಟಿ ಬದಲಿಸಿ, ಬಿಗಿ ಮಾಡಿ ಕೆಳಗೆ ಬಂದೆ. ಬಿಗಿ ಮಾಡಿದೆನಾ ಎಂದು ಅನುಮಾನ ಬಂತು. ಹತ್ತಿ ಹೋಗಿ ನೋಡಿದೆ, ಮಾಡಿದ್ದೆ. ಕೆಳಗೆ ಬಂದೆ. ಮತ್ತೆ ಬಂತು. ಮತ್ತೆ ಹತ್ತಿದೆ. ಹೀಗೆ ಮೂರು ಸಲ. ಕಟ್ಟಡದವರು ನನ್ನನ್ನು ಒಂಥರಾ ನೋಡತೊಡಗಿದರು. ನಾಲ್ಕನೆಯ ಸಲವೂ ಅನುಮಾನ ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಮಾಡಿದ್ದೇನೆ, ನನ್ನ ಕೈಯಾರೆ ಮಾಡಿದ್ದೇನೆ, ನಾನೇ ನೋಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತಲಿಲ್ಲ. ಸಹಿ ಮಾಡಿ ಮನೆಗೆ ಬಂದೆ.

ಮೀಸೆ
(ಈಗ ಬೋಳಿಸಿದ್ದೇನೆ, ಆದರೂ ಎಲ್ಲರೂ ಹಾಗೇ ಕರೆಯುತ್ತಾರೆ)